ಗಾಗಮೇಲಾ ಆಟ: ಅಲೆಕ್ಸಾಂಡರ್ ಕಡೆ ಪ್ರತಿ ಸಲ ಸೋಲುತ್ತಿದ್ದರೆ

ಗಾಗಮೇಲಾ ಕದನದ ಯುದ್ಧದಾಟದಲ್ಲಿ ಅಲೆಕ್ಸಾಂಡರ್ ಕಡೆ ಆಡಿ ಪ್ರತಿ ಸಲ ಸೋಲುತ್ತಿದ್ದೀರಿ ಅಂದಿರಿ. ನಿಮ್ಮ ಸೇನೆಯ ಸಾಲನ್ನು ಪರ್ಷಿಯದ ದೊರೆ ಡೇರಿಯಸ್‌ನ ಸಾಲಿನಷ್ಟೇ ಉದ್ದಕ್ಕೆ ಎಳೆಯುತ್ತಿದ್ದೀರಿ ಅನಿಸುತ್ತೆ. ಅದಕ್ಕೇ ಪರ್ಷಿಯನ್ನರು ಪ್ರತಿ ಸಲ ಎರಡೂ ಕಡೆಯಿಂದ ಸುತ್ತುವರಿಯುತ್ತಿರುವುದು. ನಾನೂ ಹಾಗೇ ಮಾಡಿ ಮೂರು ಸಲ ಸೋತೆ. ಅಲೆಕ್ಸಾಂಡರ್ ಕಡೆಯ 47,000 ಜನರಿಂದ ಅದು ಆಗದ ಮಾತು.

ಮೊದಲು ಸಾಲನ್ನು ಗಿಡ್ಡ ಮಾಡಿ, ಎರಡೂ ತುದಿಗಳನ್ನು ಓರೆಯಾಗಿ ಹಿಂದಕ್ಕೆ ಬಾಗಿಸಿ. ಹಿಂದೆ ಇನ್ನೊಂದು ಕಾಲಾಳು ಸಾಲು ಇರಲಿ. ಶತ್ರು ಬೆನ್ನ ಹಿಂದೆ ಬಂದರೆ ಅದು ತಿರುಗಿ ನಿಲ್ಲಬೇಕು. ಕ್ರಿ.ಪೂ. 331ರಲ್ಲಿ 25ರ ಹುಡುಗ ಅಲೆಕ್ಸಾಂಡರ್ ಮಾಡಿದ್ದೂ ಇದನ್ನೇ. ಎಡಗಡೆ ಅವನ ಸೇನಾಪತಿ ಪಾರ್ಮೇನಿಯನ್ ತಡೆದು ನಿಂತರೆ ಸಾಕು, ಅಲ್ಲಿ ಗೆಲ್ಲಲು ಹೋಗಬೇಡಿ.

ಆಮೇಲೆ ಇಡೀ ಸೇನೆಯನ್ನು ಬಲಕ್ಕೆ ಸರಿಸುತ್ತಾ ಹೋಗಿ. ಡೇರಿಯಸ್ ರಥಗಳಿಗಾಗಿ ನೆಲ ಸಮ ಮಾಡಿಸಿದ್ದ. ಅದನ್ನು ದಾಟಿಬಿಟ್ಟರೆ ರಥಗಳು ದಂಡ. ಹಾಗಾಗಿ ಅವನು ಎಡಗಡೆಯ ಕುದುರೆ ಪಡೆಯನ್ನು ತಡೆಯಲು ಕಳಿಸಿದ, ಸಾಲಿನಲ್ಲಿ ಬಿರುಕು ಬಿತ್ತು. ನಿಮ್ಮ ಎದುರಾಳಿಯೂ ಬಿರುಕು ಬಿಡುತ್ತಾನೆ ಅಂತ ಖಾತ್ರಿ ಕೊಡಲಾರೆ. ಬಿರುಕು ಬೀಳುವವರೆಗೆ ಅಲೆಕ್ಸಾಂಡರನ ಆಯ್ದ ಸವಾರರಾದ ಕಂಪ್ಯಾನಿಯನ್ ಕುದುರೆ ಪಡೆಯನ್ನು ಮುಟ್ಟಲೇಬೇಡಿ (ಕೈ ತುರಿಸುತ್ತೆ, ಗೊತ್ತು). ಬಿರುಕು ಕಂಡ ಕೂಡಲೇ ನೇರ ಡೇರಿಯಸ್ ಮೇಲೆ ನುಗ್ಗಿಸಿ.

ನಿಮ್ಮ ನಿಯಮದಲ್ಲಿ ದಣಿವಿನ ಲೆಕ್ಕ ಇದ್ದರೆ ರಾತ್ರಿ ದಾಳಿ ಬೇಡ, ಸೈನಿಕರನ್ನು ಮಲಗಿಸಿ. ನಿಜವಾದ ಕದನದ ಮುಂಚೆ ಪರ್ಷಿಯನ್ನರು ರಾತ್ರಿಯಿಡೀ ಶಸ್ತ್ರ ಹಿಡಿದು ನಿಂತೇ ಇದ್ದರು.