ಅಚ್ಚುಮೊಳೆಗಳಿವೆ, ಟ್ರೆಡಲ್ ಇಲ್ಲ. ಹಳೆಯ ಪ್ರೂಫ್ ಪ್ರೆಸ್ ಕೊಂಡರೆ ಕೆಲಸ ಸಾಗುತ್ತದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕುಮಟಾದಲ್ಲಿ ಮನೆಯವರು ನಡೆಸುತ್ತಿದ್ದ ಪ್ರೆಸ್ ಮುಚ್ಚಿದೆ, ಟ್ರೆಡಲ್ (ಕಾಲಿನಿಂದ ತುಳಿದು ನಡೆಸುವ ಮುದ್ರಣಯಂತ್ರ) ಗುಜರಿಗೆ ಹೋಗಿದೆ, ಸೀಸದ ಕನ್ನಡ ಮೊಳೆಗಳ ಕೇಸು (ಗೂಡುಗಳಿರುವ ತಟ್ಟೆ), ಮೊಳೆ ಜೋಡಿಸುವ ಸ್ಟಿಕ್ಕು ಮತ್ತು ಜೋಡಿಸಿದ್ದನ್ನು ಇಡುವ ಕೆಲವು ಗ್ಯಾಲಿ (ತಗಡಿನ ತಟ್ಟೆ) ಉಳಿದಿವೆ. ಶಿರಸಿಯಲ್ಲಿ ಉರುಳೆಯ ಪ್ರೂಫ್ ಪ್ರೆಸ್ (ತಪ್ಪು ತಿದ್ದಲು ಕರಡು ಪ್ರತಿ ತೆಗೆಯುವ ಯಂತ್ರ) ಒಂದು ಮಾರಾಟಕ್ಕಿದೆ. ಅದನ್ನು ಕೊಂಡು ಆಮಂತ್ರಣ, ಕವಿತೆಯ ಹಾಳೆ ಅಚ್ಚು ಹಾಕಬಹುದೇ, ಕೊಳ್ಳುವಾಗ ಏನು ನೋಡಬೇಕು?

ಹಾಕಬಹುದು. ಐವತ್ತು, ನೂರು ಪ್ರತಿಯ ಕೆಲಸಕ್ಕೆ ಅದು ಸಾಕು. ಪ್ರತಿ ಸಲ ಕೈಯಲ್ಲೇ ಶಾಯಿ ಹಚ್ಚಿ, ಕಾಗದ ಇಟ್ಟು, ಉರುಳೆ ಎಳೆಯಬೇಕಾದ್ದರಿಂದ ಗಂಟೆಗೆ 25-30 ಪ್ರತಿ ಬಂದರೆ ಅದೇ ಹೆಚ್ಚು. ಮದುವೆ ಕಾಗದ ಐನೂರು ಬೇಕೆಂದರೆ ಟ್ರೆಡಲ್ಲೇ ಬೇಕು. ಆದರೆ ಕೊಳ್ಳುವ ಮುನ್ನ ಒಂದು ಅಳತೆ ತೆಗೆಯಲೇಬೇಕು. ಬಣ್ಣ, ತುಕ್ಕು, ಕಂಪನಿಯ ಹೆಸರು ಎಲ್ಲ ಆಮೇಲೆ.

ಮೊಳೆಯ ಎತ್ತರ 0.918 ಇಂಚು, ಅಂದರೆ 23.32 ಮಿಮೀ. ಉರುಳೆಯ ಕೆಳಮೈಗೂ ಪ್ರೆಸ್ಸಿನ ಹಾಸಿಗೂ (ಮೊಳೆ ಇಡುವ ಸಮತಟ್ಟು ತಳ) ನಡುವಿನ ಅಂತರ ಇದಕ್ಕೆ ಹೊಂದಬೇಕು. ಇಲ್ಲೇ ಬಹಳ ಜನ ಎಡವುವುದು. ಗ್ಯಾಲಿ ಪ್ರೂಫ್ ಪ್ರೆಸ್ಸುಗಳ ಹಾಸು ಬೇಕೆಂದೇ ತುಸು ತಗ್ಗಿನಲ್ಲಿರುತ್ತದೆ. ಮ್ಯಾಟರನ್ನು (ಜೋಡಿಸಿದ ಮೊಳೆಗಳನ್ನು) ಗ್ಯಾಲಿ ಸಮೇತ ಇಟ್ಟು ಪ್ರೂಫ್ ತೆಗೆಯಲಿ ಎಂದು ಗ್ಯಾಲಿಯ ತಗಡಿನ ದಪ್ಪವನ್ನೂ, ಸುಮಾರು 0.050 ಇಂಚು ಅಥವಾ 1.27 ಮಿಮೀ, ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಂಥ ಪ್ರೆಸ್ಸಿನಲ್ಲಿ ಅಂತರ ಸುಮಾರು 24.6 ಮಿಮೀ ಬರುತ್ತದೆ. ಮೊಳೆಯನ್ನು ನೇರ ಹಾಸಿನ ಮೇಲಿಟ್ಟು ಉರುಳೆ ಎಳೆದರೆ ಅಕ್ಷರ ಮಾಸಲಾಗಿ ಮೂಡುತ್ತದೆ, ಇಲ್ಲವೇ ಮೂಡುವುದೇ ಇಲ್ಲ. ಪ್ರೆಸ್ ಕೆಟ್ಟಿದೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ನಿಮ್ಮ ಬಳಿ ಗ್ಯಾಲಿ ಇರುವುದರಿಂದ ಚಿಂತೆಯಿಲ್ಲ. ಅದರ ತಳದ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಗ್ಯಾಲಿ ಇಲ್ಲದೆ ಅಚ್ಚು ಹಾಕುವ ಯೋಚನೆಯಿದ್ದರೆ ಅಷ್ಟೇ ದಪ್ಪದ ಸಮತಟ್ಟಾದ ತಗಡೊಂದನ್ನು ಹಾಸಿನ ಅಳತೆಗೆ ಕತ್ತರಿಸಿ ಹಾಕಿಸಿ.

ಮೊಳೆಯ ಎತ್ತರ ಅಳೆಯುವಾಗ ಅ, ದ, ರ ಮುಂತಾದ ದಿನಬಳಕೆಯ ಅಕ್ಷರ ತೆಗೆದುಕೊಳ್ಳಬೇಡಿ, ಅವು ಸವೆದಿರುತ್ತವೆ. ಙ, ಞ, ಝ ಇರುವ ಗೂಡಿಗೆ ಕೈಹಾಕಿ. ಯಾರೂ ಹೆಚ್ಚು ಮುಟ್ಟದ ಆ ಮೊಳೆಗಳೇ ಎರಕದ ನಿಜವಾದ ಎತ್ತರ ಹೇಳುವುದು. ಬಳಿಕ ಅದೇ ಫಾಂಟಿನ ರ ಅಳೆಯಿರಿ. ವ್ಯತ್ಯಾಸ 0.1 ಮಿಮೀ ದಾಟಿದರೆ ಎಷ್ಟೇ ಒಳ್ಳೆಯ ಪ್ರೆಸ್ ತಂದರೂ ಸಾಲಿನಲ್ಲಿ ರ ಮಸುಕಾಗಿಯೇ ಕಾಣುತ್ತದೆ.

ಶಿರಸಿಗೆ ಹೋಗುವಾಗ ವರ್ನಿಯರ್, ಅಡಿ ಉದ್ದದ ಉಕ್ಕಿನ ಪಟ್ಟಿ, ನಿಮ್ಮ ಗ್ಯಾಲಿ, ಒಂದೇ ಫಾಂಟಿನ ಮೊಳೆಗಳನ್ನು ದಾರದಲ್ಲಿ ಬಿಗಿದ ನಾಲ್ಕು ಸಣ್ಣ ಕಟ್ಟು, ಕಾರ್ಬನ್ ಹಾಳೆ ಮತ್ತು ಬಿಳಿ ಕಾಗದ ಒಯ್ಯಿರಿ. ಶಾಯಿ ಬೇಡ. ಮೊದಲು ಪಟ್ಟಿಯನ್ನು ಉರುಳೆ ಓಡುವ ಎರಡೂ ಹಳಿಗಳ ಮೇಲೆ ಅಡ್ಡ ಇಟ್ಟು, ಅಲ್ಲಿಂದ ಹಾಸಿನ ಆಳವನ್ನು ನಾಲ್ಕು ಮೂಲೆ ಮತ್ತು ನಡುವೆ ಅಳೆಯಿರಿ. ಅಲ್ಲಿಗೂ ಇಲ್ಲಿಗೂ ಮ್ಯಾಪ್ಲಿಥೋ ಹಾಳೆಯೊಂದರ ದಪ್ಪದಷ್ಟು, ಸುಮಾರು 0.1 ಮಿಮೀ, ವ್ಯತ್ಯಾಸವಿದ್ದರೆ ಗ್ಯಾಲಿಯ ಕೆಳಗೆ ಕಾಗದ ಕೊಟ್ಟು ಸರಿಮಾಡಬಹುದು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಬಿಟ್ಟುಬಿಡಿ. ಆಮೇಲೆ ನಾಲ್ಕು ಕಟ್ಟುಗಳನ್ನು ಗ್ಯಾಲಿಯ ನಾಲ್ಕು ಕಡೆ ಇಟ್ಟು, ಜಾರದಂತೆ ಫರ್ನಿಚರ್ (ಸಂದಿ ತುಂಬುವ ಮರದ ತುಂಡು) ಒತ್ತಿ, ಕಾರ್ಬನ್ನಿನ ಮಸಿ ಬದಿ ಮೇಲಕ್ಕೆ ಮಾಡಿ ಹಾಸಿ, ಅದರ ಮೇಲೆ ಬಿಳಿ ಕಾಗದ ಇಟ್ಟು ಉರುಳೆ ಎಳೆಯಿರಿ. ನಾಲ್ಕೂ ಗುರುತು ಒಂದೇ ಕಪ್ಪಿನಲ್ಲಿ ಬಂದರೆ ಯಂತ್ರ ಸರಿಯಿದೆ. ಒಂದೇ ಪಕ್ಕ ಮಾಸಲಾದರೆ ಉರುಳೆಯ ಬೇರಿಂಗ್ ಸವೆದಿದೆ ಅಥವಾ ಹಾಸು ವಾಲಿದೆ. ಕಟ್ಟುಗಳನ್ನು ನಡುವಿಗೆ ಸರಿಸಿ ಮತ್ತೊಮ್ಮೆ ಎಳೆಯಿರಿ: ಗುರುತು ತುದಿಗಳಿಗಿಂತ ಗಾಢವಾದರೆ ಹಳಿ ನಡುವೆ ಸವೆದಿದೆ, ತಿಳಿಯಾದರೆ ಸವೆದಿರುವುದು ಹಾಸು.

ಉರುಳೆಗೆ ಸುತ್ತಿದ ಹಳೆಯ ಉಣ್ಣೆಯ ಹೊದಿಕೆಯನ್ನು ತೆಗೆದುಹಾಕಿ. ತಪ್ಪು ಹುಡುಕುವ ಪ್ರೂಫಿಗೆ ಅದು ನಡೆಯುತ್ತದೆ, ಚಂದದ ಅಚ್ಚಿಗೆ ನಡೆಯದು. ಮೆತ್ತನೆಯ ಹೊದಿಕೆ ಕಾಗದವನ್ನು ಅಕ್ಷರದ ಅಂಚಿನಿಂದ ಕೆಳಕ್ಕೆ ಒತ್ತುತ್ತದೆ. ಆಗ ಮೊಳೆಯ ಭುಜವೂ (ಅಕ್ಷರದ ಸುತ್ತಲಿನ ತಗ್ಗು ಭಾಗ) ಮಸಿ ಬಿಡುತ್ತದೆ, ಅಂಚು ಬೇಗ ದುಂಡಗಾಗುತ್ತದೆ. ಒತ್ತಕ್ಷರ, ಕೊಂಬುಗಳಲ್ಲಿ ಮೈಯಿಂದ ಹೊರಚಾಚಿದ ಭಾಗವಿದ್ದರೆ ಅದು ಮುರಿಯುವುದೂ ಹೀಗೇ. ಬದಲಿಗೆ ಗಟ್ಟಿ ಕಾಗದಗಳನ್ನು ಬಿಗಿಯಾಗಿ ಸುತ್ತಿ, ಮೇಲೆ ನಯವಾದ ಪಾಲಿಯೆಸ್ಟರ್ ಹಾಳೆ ಕೊಡಿ. ತೆಗೆದ ಹೊದಿಕೆಯಷ್ಟೇ ದಪ್ಪದಿಂದ ಶುರು ಮಾಡಿ, ಒಂದೊಂದೇ ಹಾಳೆ ಸೇರಿಸುತ್ತ ಅಥವಾ ತೆಗೆಯುತ್ತ ಹೋಗಿ. ಕಾಗದದ ಹಿಂಬದಿಗೆ ಬೆರಳಾಡಿಸಿದಾಗ ಅಕ್ಷರ ಅಷ್ಟಿಷ್ಟು ತಗುಲಿದರೆ ನಿಲ್ಲಿಸಿ. ಈಗ ಫ್ಯಾಶನ್ನಾಗಿರುವ ಆಳದ ಒತ್ತು ಬೇಕೆಂದರೆ ಪಾಲಿಮರ್ ಪ್ಲೇಟು (ಅಕ್ಷರ ಉಬ್ಬಿಸಿದ ಪ್ಲಾಸ್ಟಿಕ್ ಹಾಳೆ) ಮಾಡಿಸಿ. ಸೀಸದ ಮೊಳೆಗೆ ಆ ಶಿಕ್ಷೆ ಕೊಡಬಾರದು. ಒಮ್ಮೆ ಹಾಳಾದ ಕನ್ನಡ ಫಾಂಟಿಗೆ ಇಂದು ಬದಲಿ ಸಿಗುವುದು ಬಹಳ ಕಷ್ಟ.

ವಿಡಿಯೋಗಳಲ್ಲಿ ಕಾಣುವ ವಾಂಡರ್‌ಕುಕ್ ಪ್ರೂಫ್ ಪ್ರೆಸ್ ಬೇರೆಯೇ ಜಾತಿ. 1909ರಲ್ಲಿ ಷಿಕಾಗೋದಲ್ಲಿ ಶುರುವಾದ ಕಂಪನಿ ಅದು. ಅದರ ದೊಡ್ಡ ಮಾದರಿಗಳಲ್ಲಿ ಕಾಗದ ಹಿಡಿಯುವ ಗ್ರಿಪ್ಪರ್, ಶಾಯಿ ಹಚ್ಚುವ ರೋಲರುಗಳು ಯಂತ್ರದಲ್ಲೇ ಇರುತ್ತವೆ. ಅದರ ಎಸ್‌ಪಿ-15 ಮಾದರಿಯ ಉರುಳೆಗೆ ಎಷ್ಟು ಪ್ಯಾಕಿಂಗ್ (ಸುತ್ತುವ ಹಾಳೆಗಳ ದಪ್ಪ) ಎಂದರೆ, ಅಚ್ಚಾಗುವ ಕಾಗದವೂ ಸೇರಿ 0.040 ಇಂಚು, ಸುಮಾರು 1 ಮಿಮೀ. ಆ ಲೆಕ್ಕವನ್ನು ನಿಮ್ಮ ಪ್ರೆಸ್ಸಿಗೆ ಹಾಕಬೇಡಿ.

ಶಾಯಿ ಹಚ್ಚುವ ಕೈರೋಲರಿಗೆ ಹಣ ಉಳಿಸಬೇಡಿ. ಹಳೆಯ ಸಾಮಾನಿನ ಜೊತೆ ಸರೇಸು, ಕಾಕಂಬಿ ಕಾಸಿ ಎರೆದ ರೋಲರ್ ಸಿಕ್ಕರೆ ನೋಡಲು ಇಟ್ಟುಕೊಳ್ಳಿ, ಕೆಲಸಕ್ಕೆ ಬೇಡ. ನಮ್ಮ ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ, ಏಪ್ರಿಲ್‌ನ ಸೆಕೆಗೆ ಅಂಟಂಟಾಗುತ್ತದೆ. ಶೋರ್ ಎ ಮಾಪಕದಲ್ಲಿ 25ರ ಆಸುಪಾಸಿನ ಗಡಸುತನದ ರಬ್ಬರ್ ಹೊದಿಸಿಕೊಳ್ಳಿ. ಬೆಂಗಳೂರಿನಲ್ಲಿ ಮಾಡಿಕೊಡುತ್ತಾರೆ. ಆಫ್‌ಸೆಟ್ ಶಾಯಿಯೇ ನಡೆಯುತ್ತದೆ. ಗಾಜಿನ ಮೇಲೆ ಕಡಲೆಕಾಳಿನಷ್ಟು ಇಟ್ಟು, ರೋಲರನ್ನು ಪ್ರತಿ ಸಲ ಎತ್ತಿ ಎತ್ತಿ ಓಡಿಸಿ. ಪಚಪಚ ಸದ್ದು ಬಂದರೆ ಶಾಯಿ ಹೆಚ್ಚಾಗಿದೆ, ಸಣ್ಣಗೆ ಸುಯ್ಯೆಂದರೆ ಸರಿ. ಮೊಳೆಯ ಮೇಲೆ ರೋಲರಿನ ಭಾರ ಮಾತ್ರ ಬೀಳಲಿ, ಕೈ ಒತ್ತಬೇಡಿ. ಕನ್ನಡದಲ್ಲಿ ಶಾಯಿ ಜಾಸ್ತಿಯಾದರೆ ಅಂದವಷ್ಟೇ ಅಲ್ಲ, ಅಕ್ಷರವೇ ಬದಲಾಗುತ್ತದೆ: ಸಣ್ಣ ಪಾಯಿಂಟಿನಲ್ಲಿ ಧ, ಫ, ಢಗಳ ಬುಡದ ಸೀಳು ಮುಚ್ಚಿ ದ, ಪ, ಡ ಎಂದೇ ಕಾಣುತ್ತವೆ, ಸೊನ್ನೆ ಬೊಟ್ಟಾಗುತ್ತದೆ. ಕರಡು ತಿದ್ದುವವರು ಇಲ್ಲದ ತಪ್ಪು ಹಾಕುತ್ತಾರೆ, ಇರುವ ತಪ್ಪು ಬಿಡುತ್ತಾರೆ.

ಮ್ಯಾಟರ್ ಕಟ್ಟುವುದು ಹೀಗೆ. ಗ್ಯಾಲಿಯ ಮೂಲೆಗೆ ಒತ್ತಿ ಇಟ್ಟು, ತೆಳ್ಳಗಿನ ಗಟ್ಟಿ ದಾರವನ್ನು ಒಂದು ಮೂಲೆಯಿಂದ ಶುರು ಮಾಡಿ, ಮೊದಲ ಸುತ್ತಿನ ತುದಿಯ ಮೇಲೆ ಎರಡನೆಯ ಸುತ್ತು ಬರುವಂತೆ ನಾಲ್ಕೈದು ಸುತ್ತು ಎಳೆದು, ಕೊನೆಯನ್ನು ಲೆಡ್ (ಸಾಲುಗಳ ನಡುವೆ ಇಡುವ ಸೀಸದ ಪಟ್ಟಿ) ತುದಿಯಿಂದ ದಾರದಡಿ ತುರುಕಿ. ಗಂಟು ಬೇಡ. ಬಳಿಕ ಪ್ಲೇನರ್ ಎಂಬ ಸಪಾಟು ಮರದ ತುಂಡನ್ನು ಮೇಲಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ಸಲ ತಟ್ಟಿದರೆ ಎದ್ದ ಮೊಳೆ ಕೂರುತ್ತದೆ. ಪ್ರೂಫಿನಲ್ಲಿ ಎಲ್ಲ ಅಕ್ಷರಗಳಿಗೂ ಒಂದೇ ದಿಕ್ಕಿಗೆ ನೆರಳು ಬಂದರೆ ಕಾಗದ ಜಾರಿದೆ ಅಥವಾ ಪ್ಯಾಕಿಂಗ್ ಸಡಿಲ. ಒಂದೆರಡು ಸಾಲಿಗಷ್ಟೇ ಬಂದರೆ ಆ ಸಾಲು ಬಿಗಿಯಿಲ್ಲ, ಸ್ಪೇಸ್ (ಅಕ್ಷರವಿಲ್ಲದ ಗಿಡ್ಡ ಮೊಳೆ) ಸೇರಿಸಿ.

ತುಕ್ಕಿನ ವಿಷಯ. ಶಿರಸಿಯಲ್ಲಿ ಬರೀ ತೇವ, ಕುಮಟಾದಲ್ಲಿ ತೇವದ ಜೊತೆ ಉಪ್ಪು ಗಾಳಿ. ಹಾಸಿನ ತುಕ್ಕಿಗೆ ಸೀಮೆಎಣ್ಣೆ ಸವರಿ ಒಂದು ದಿನ ಬಿಟ್ಟು, ಎಣ್ಣೆಯಲ್ಲಿ ಅದ್ದಿದ 400 ನಂಬರಿನ ಎಮರಿ ಹಾಳೆಯನ್ನು ಸಪಾಟು ಮರದ ತುಂಡಿಗೆ ಸುತ್ತಿ ಉಜ್ಜಿ. ವರ್ಕ್‌ಶಾಪಿನವರು ಗ್ರೈಂಡರ್ ಹಿಡಿದು ಬಂದರೆ ಬೇಡವೆನ್ನಿ, ಅದು ಹಾಸಿನಲ್ಲಿ ಹೊಂಡ ತೋಡುತ್ತದೆ. ಕೆಲಸ ಮುಗಿದ ದಿನವೇ ತೆಳ್ಳಗೆ ಮೆಷಿನ್ ಎಣ್ಣೆ ಒರೆಸಿ, ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ಗೇಣು ದೂರ, ನೆಲದಿಂದ ಮೇಲೆ ಇರಲಿ. ಸಾಗಣೆಯನ್ನು ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ, ಉರುಳೆಯನ್ನು ಬೇರೆ ಬಿಚ್ಚಿ ತನ್ನಿ.

ಇನ್ನು ನಿಮ್ಮ ಕೇಸುಗಳನ್ನು ತೆರೆಯುವಾಗ ಮೊಳೆಯ ಮೇಲೆ ಬಿಳಿ ಪುಡಿ ಕಂಡರೆ ಊದಬೇಡಿ, ಪೊರಕೆ ಹಾಕಬೇಡಿ. ತೇವಕ್ಕೂ ಮರದಿಂದ ಬರುವ ಆಮ್ಲದ ಆವಿಗೂ ಸೀಸ ಕೊರೆದು ಆದ ಪುಡಿ ಅದು, ಮೈಗೆ ಸೇರಿದರೆ ವಿಷ. ಮಾಸ್ಕು, ಗ್ಲೌಸು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ. ಮುಖ ಕೊರೆದುಹೋದ ಮೊಳೆಗಳನ್ನು ಬೇರೆ ಡಬ್ಬಿಗೆ ಹಾಕಿ, ಉಳಿದವನ್ನು ಚೆನ್ನಾಗಿ ಒಣಗಿಸಿಯೇ ಗೂಡಿಗೆ ಸೇರಿಸಿ. ಮಕ್ಕಳು ಆ ಕೋಣೆಗೆ ಬರಬಾರದು, ಚಹಾ ತಿಂಡಿ ಅಲ್ಲಿ ಬೇಡ, ಪ್ರತಿ ಸಲ ಸಾಬೂನಿನಲ್ಲಿ ಕೈ ತೊಳೆಯಿರಿ. ಶಾಯಿ ಒರೆಸಿದ ಎಣ್ಣೆಬಟ್ಟೆಗಳನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಿ. ಒಣಗುವ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ.

ಪ್ರೆಸ್ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ. ಕಟ್ಟಿದ ಮ್ಯಾಟರಿಗೆ ಶಾಯಿ ಹಚ್ಚಿ, ತುಸು ತೇವದ ತೆಳು ಕಾಗದ ಹಾಸಿ, ಪ್ಲೇನರಿಗೆ ದಪ್ಪ ಬಟ್ಟೆ ಸುತ್ತಿ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಸಾಗಿದರೆ ಓದಬಲ್ಲ ಪ್ರೂಫ್ ಬರುತ್ತದೆ. ಯಾವ ಮೊಳೆ ಸವೆದಿದೆ, ಯಾವ ಒತ್ತಕ್ಷರ ಕಡಿಮೆ ಬಿದ್ದಿದೆ ಎಂಬ ಪಟ್ಟಿಯನ್ನು ಅದರಿಂದಲೇ ಮಾಡಿಕೊಳ್ಳಬಹುದು.