ದೂರದ ಚುಕ್ಕಿಗಳು ಮುಂದೆ ಗೆಲಾಕ್ಸಿ ಗುಚ್ಛವಾಗುತ್ತವೆಂದು ಹೇಗೆ ಗೊತ್ತು?

ಪ್ರಶ್ನೆ: ಗೆಲಾಕ್ಸಿ ಗುಚ್ಛಗಳ ಪೂರ್ವಜರನ್ನು ಸಾವಿರ ಕೋಟಿ ಜ್ಯೋತಿರ್ವರ್ಷಗಳಾಚೆ ಪತ್ತೆ ಮಾಡಿದ್ದಾರೆ ಅಂತ ಆಗಾಗ ಓದುತ್ತೇನೆ. ಅಷ್ಟು ದೂರದ ನಾಲ್ಕಾರು ಚುಕ್ಕಿಗಳು ಮುಂದೆ ಗುಚ್ಛವೇ ಆಗುತ್ತವೆ ಅಂತ ಹೇಗೆ ಹೇಳುತ್ತಾರೆ ಸರ್? ಕಾದು ನೋಡೋಕಂತೂ ಆಗಲ್ಲವಲ್ಲ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಆ ಗೆಲಾಕ್ಸಿಗಳು ನಿಜವಾಗಿಯೂ ಒಟ್ಟಿಗಿವೆಯೇ ಎಂದು ನೋಡುವುದು ಒಂದು. ಅವು ಮುಂದೆ ಏನಾದಾವು ಎಂದು ಅಂದಾಜಿಸುವುದು ಇನ್ನೊಂದು. ಮೊದಲನೆಯದು ಅಳತೆ, ಎರಡನೆಯದು ಲೆಕ್ಕಾಚಾರ. ಸುದ್ದಿಗಳಲ್ಲಿ ಎರಡೂ ಕಲಸಿಹೋಗುತ್ತವೆ.

ಬೆಳೆದ ಗುಚ್ಛವನ್ನು ಗುರುತಿಸುವುದು ಕಷ್ಟವಲ್ಲ. 5.4 ಕೋಟಿ ಜ್ಯೋತಿರ್ವರ್ಷ ದೂರದ ಕನ್ಯಾ ಗುಚ್ಛದಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳಿವೆ. ಅವುಗಳ ನಡುವೆ ತುಂಬಿರುವ ಅನಿಲ ಕೋಟಿಗಟ್ಟಲೆ ಡಿಗ್ರಿ ಕಾದು ಎಕ್ಸ್-ರೇ ಸೂಸುತ್ತದೆ. ಪೂರ್ವಜರ ಕಾಲದಲ್ಲಿ ಅನಿಲ ಇನ್ನೂ ಹಾಗೆ ಕಾದಿಲ್ಲ, ಗೆಲಾಕ್ಸಿಗಳೂ ಒಂದೆಡೆ ಸೇರಿಲ್ಲ. ಮುಂದೆ ಒಂದೇ ಗುಚ್ಛಕ್ಕೆ ಸೇರಬೇಕಾದವು ಆಗ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳಷ್ಟು ಚದುರಿರುತ್ತವೆ. ಇಂಥದ್ದನ್ನು ಪ್ರೋಟೋಕ್ಲಸ್ಟರ್ ಎನ್ನುತ್ತೇವೆ.

ಹುಡುಕಾಟಕ್ಕೆ ಹಲವು ದಾರಿಗಳಿವೆ. ರೇಡಿಯೋ ಅಲೆಗಳನ್ನು ಪ್ರಬಲವಾಗಿ ಸೂಸುವ ಗೆಲಾಕ್ಸಿಯ ಸುತ್ತ ನೋಡುವುದು ಹಳೆಯ ದಾರಿ. ಅಂಥವು ಸಾಮಾನ್ಯವಾಗಿ ಭಾರಿ ಗೆಲಾಕ್ಸಿಗಳು; ಭಾರಿ ಗೆಲಾಕ್ಸಿಗಳು ಬೆಳೆಯುವುದು ದ್ರವ್ಯ ದಟ್ಟವಾಗಿರುವ ಕಡೆ. ‘ಸ್ಪೈಡರ್‌ವೆಬ್’ ಗೆಲಾಕ್ಸಿಯ ನೆರೆಹೊರೆ ಸಿಕ್ಕಿದ್ದು ಹೀಗೆ. ಇನ್ನೊಂದು ದಾರಿ ಹೈಡ್ರೋಜನ್ನಿನ ಲೈಮನ್-ಆಲ್ಫಾ ಬೆಳಕು. ಅದು ಹೊರಡುವಾಗ 121.6 ನ್ಯಾನೋಮೀಟರ್‌ನ ಅತಿನೇರಳೆ. ವಿಶ್ವದ ಹಿಗ್ಗುವಿಕೆಯಿಂದ ಉದ್ದವಾಗುತ್ತಾ ಬಂದು, ರೆಡ್‌ಶಿಫ್ಟ್ (ಬೆಳಕಿನ ಅಲೆ ಎಷ್ಟು ಉದ್ದವಾಗಿದೆ ಎಂಬ ಅಳತೆ, ದೂರ ಹೆಚ್ಚಿದಷ್ಟೂ ಇದು ಹೆಚ್ಚು) 3.09 ಇರುವ ಜಾಗದಿಂದಾದರೆ ನಮ್ಮನ್ನು ತಲುಪುವಾಗ 497 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣುವ ಬೆಳಕು! ಆ ಬಣ್ಣವನ್ನಷ್ಟೇ ಬಿಡುವ ಕಿರಿದಾದ ಫಿಲ್ಟರ್ ಹಾಕಿ ಚಿತ್ರ ತೆಗೆದರೆ ಆ ದೂರದ ಗೆಲಾಕ್ಸಿಗಳು ಎದ್ದು ಕಾಣುತ್ತವೆ. 1998ರಲ್ಲಿ ವರದಿಯಾದ ಎಸ್‌ಎಸ್‌ಎ22 ಪ್ರೋಟೋಕ್ಲಸ್ಟರ್ ಇರುವುದು ಇದೇ ದೂರದಲ್ಲಿ. ದೂಳು ಮುಸುಕಿದ ಗೆಲಾಕ್ಸಿಗಳಿಗೆ ಈ ಉಪಾಯ ಸಾಲದು, ಅಲ್ಲಿ ಸಬ್‌ಮಿಲಿಮೀಟರ್ (ಮಿಲಿಮೀಟರಿಗಿಂತ ಸ್ವಲ್ಪ ಚಿಕ್ಕ) ಅಲೆಗಳೇ ಗತಿ. ದಕ್ಷಿಣ ಧ್ರುವದ ದೂರದರ್ಶಕ ಒಂದೇ ಚುಕ್ಕಿಯೆಂದು ಕಂಡ ಎಸ್‌ಪಿಟಿ2349-56 ಅನ್ನು ಚಿಲಿಯ ಆಲ್ಮಾ ಎಂಬ ದೂರದರ್ಶಕ ಸಮೂಹ ಬಿಡಿಸಿ ನೋಡಿದಾಗ, ಸುಮಾರು ನಾಲ್ಕು ಲಕ್ಷ ಜ್ಯೋತಿರ್ವರ್ಷ ಅಗಲದಲ್ಲಿ 14 ಗೆಲಾಕ್ಸಿಗಳು ಒತ್ತೊತ್ತಾಗಿ ನಿಂತಿದ್ದವು. 2018ರಲ್ಲಿ ಪ್ರಕಟವಾದ ಆ ಫಲಿತಾಂಶ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ, ಏಕೆಂದರೆ ಆಗ ವಿಶ್ವಕ್ಕೆ ಕೇವಲ 140 ಕೋಟಿ ವರ್ಷ.

ಆದರೆ ಚಿತ್ರವನ್ನಷ್ಟೇ ನಂಬುವಂತಿಲ್ಲ. ರಾತ್ರಿ ನಂದಿಬೆಟ್ಟದಿಂದ ಕೆಳಗೆ ನೋಡಿ: ಪಕ್ಕಪಕ್ಕದಲ್ಲಿ ಕಾಣುವ ಎರಡು ದೀಪಗಳಲ್ಲಿ ಒಂದು ತಪ್ಪಲಿನ ಊರಿನದು, ಇನ್ನೊಂದು ಹತ್ತು ಮೈಲಿ ಆಚೆಯದು. ಹಾಗಾಗಿ ಒಂದೊಂದು ಗೆಲಾಕ್ಸಿಯ ರೋಹಿತವನ್ನೂ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು) ಪಡೆದು ರೆಡ್‌ಶಿಫ್ಟ್ ಅಳೆಯಬೇಕು. ರೋಹಿತವಿಲ್ಲದ ಪ್ರೋಟೋಕ್ಲಸ್ಟರನ್ನು ನಾನು ಬರೀ ಅಭ್ಯರ್ಥಿ ಎಂದೇ ಎಣಿಸುತ್ತೇನೆ. ಈ ಕೆಲಸಕ್ಕೆ ದೊಡ್ಡ ಕನ್ನಡಿ ಬೇಕು. ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕಕ್ಕೆ ಇಷ್ಟು ಮಂದ ಬೆಳಕು ದಕ್ಕುವುದಿಲ್ಲ. ಹಲವು ದೇಶಗಳು ಸೇರಿ ಯೋಜಿಸಿರುವ 30 ಮೀಟರ್ ದೂರದರ್ಶಕದ ಕನ್ನಡಿ ತುಂಡುಗಳನ್ನು ಪಾಲಿಶ್ ಮಾಡುವ ಘಟಕವನ್ನು ಅದೇ ಹೊಸಕೋಟೆಯಲ್ಲಿ ಕಟ್ಟಿರುವುದರ ಮಹತ್ವ ಇಲ್ಲಿ ತಿಳಿಯುತ್ತದೆ. 2023ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಏಳು ಗೆಲಾಕ್ಸಿಗಳ ರೋಹಿತ ಪಡೆದು, ಮಹಾಸ್ಫೋಟದ 65 ಕೋಟಿ ವರ್ಷಗಳ ಬಳಿಕವೇ ಅವು ಗುಂಪುಗೂಡಿದ್ದನ್ನು ಖಚಿತಪಡಿಸಿತು.

ಇನ್ನು ನಿಮ್ಮ ಮುಖ್ಯ ಸಂಶಯ. ಕಂಪ್ಯೂಟರಿನಲ್ಲಿ ಕಪ್ಪುದ್ರವ್ಯದ (ಕಣ್ಣಿಗೆ ಕಾಣದ, ಆದರೆ ಗುರುತ್ವದಿಂದ ಎಳೆಯುವ ದ್ರವ್ಯದ) ವಿಶ್ವವೊಂದನ್ನು ಕಟ್ಟಿ, ಆರಂಭದಿಂದ ಇಂದಿನವರೆಗೆ ಓಡಿಸುತ್ತಾರೆ. ಅದರಲ್ಲಿ ಇಂಥದೇ ದಟ್ಟಣೆ ಇದ್ದ ಜಾಗಗಳು ಕೊನೆಗೆ ಏನಾದವು ಎಂದು ಎಣಿಸುತ್ತಾರೆ. ಬಹುಪಾಲು ಗುಚ್ಛವಾದರೆ ‘ಇದೂ ಆಗುವ ಸಾಧ್ಯತೆ ಹೆಚ್ಚು’ ಎನ್ನಬಹುದು. ಒಂದೇ ಥರ ಕಂಡ ಜಾಗಗಳಲ್ಲಿ ಒಂದು ದೈತ್ಯ ಗುಚ್ಛವಾಗಿ, ಇನ್ನೊಂದು ಸಣ್ಣ ಗುಂಪಾಗಿ ಉಳಿಯುವುದೂ ಉಂಟು. ಆದ್ದರಿಂದ ‘ಇದು ಮುಂದೆ ಕೋಮಾ ಗುಚ್ಛದಂತಾಗುತ್ತದೆ’ (ಕೋಮಾ ಒಂದು ದೈತ್ಯ ಗುಚ್ಛ) ಎಂದು ಓದಿದಾಗ ‘ಬಹುಶಃ’ ಸೇರಿಸಿಕೊಳ್ಳಿ. ಸ್ಪೈಡರ್‌ವೆಬ್ ವಿಷಯದಲ್ಲಿ ಮಾತ್ರ ಈ ‘ಬಹುಶಃ’ ಬಹಳ ತೆಳುವಾಗಿದೆ: 2023ರಲ್ಲಿ ಆಲ್ಮಾ ಅಲ್ಲಿ ಬಿಸಿ ಅನಿಲವನ್ನೇ ಗುರುತಿಸಿತು. ಮಹಾಸ್ಫೋಟದ ಕುರುಹಾಗಿ ಉಳಿದಿರುವ, ವಿಶ್ವದ ಹಿನ್ನೆಲೆ ಮೈಕ್ರೋವೇವ್ ಬೆಳಕಿನ ಮೇಲೆ ಆ ಅನಿಲ ಬೀರುವ ಮಸುಕು ನೆರಳು ಸಿಕ್ಕಿತು. ಗುಚ್ಛವಾಗುವ ಕೆಲಸ ಅಲ್ಲಿ ಆಗಲೇ ಶುರುವಾಗಿತ್ತು.

ಪ್ರಶ್ನೆ: ಮಗಳಿಗೆ ಆರು ಇಂಚಿನ ಟೆಲಿಸ್ಕೋಪ್ ಕೊಡಿಸಿದ್ದೇವೆ. ಇವುಗಳಲ್ಲಿ ಏನಾದರೂ ಕಾಣುತ್ತದೆಯೇ?
– ತಾಯಿಯೊಬ್ಬರು, ವಿಜಯನಗರ

ಉತ್ತರ: ಪ್ರೋಟೋಕ್ಲಸ್ಟರ್ ಕಾಣುವುದಿಲ್ಲಮ್ಮ. ಕನ್ಯಾ ಗುಚ್ಛ ಕಾಣುತ್ತದೆ, ಆದರೆ ನಗರದ ಬೆಳಕಿನಲ್ಲಿ ಕಷ್ಟ. ಏಪ್ರಿಲ್ ಹೊತ್ತಿಗೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮಾಗಡಿ ದಾಟಿ ಕತ್ತಲಿರುವ ಕಡೆ ಹೋಗಿ. ಉತ್ತರಾ ನಕ್ಷತ್ರದಿಂದ ಪೂರ್ವಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ದೂರದಲ್ಲಿ ಹುಡುಕಲಿ. ಆ ಗುಚ್ಛದ ದೊಡ್ಡ ಗೆಲಾಕ್ಸಿ ಎಂ87 ಮಂಜಿನ ಉಂಡೆಯಂತೆ ಕಾಣುತ್ತದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮೊಬೈಲ್ ತೆಗೆಯದಿರಲಿ.