ಹಳ್ಳಿ ಡಾಕ್ಟರು ಬಿಡಬೇಕಾದ್ದು ಕವಿತೆಯನ್ನೋ, ಕ್ಯಾಮೆರಾವನ್ನೋ?

ನಿಮ್ಮದೂ ನನ್ನ ಹಾಗೆ ಹಳ್ಳಿಯಲ್ಲಿ ಪ್ರಾಕ್ಟೀಸ್, ಜೊತೆಗೆ ಕವಿತೆ ಮತ್ತು ಹಕ್ಕಿ ಫೋಟೊ ಹುಚ್ಚು. ವಾರಕ್ಕೊಂದು ಫೋಟೊ, ಅದರ ಕೆಳಗೊಂದು ಕವಿತೆ ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದಿರಿ, ಈಗ ಪುರುಸೊತ್ತಿಲ್ಲ, ಎರಡರಲ್ಲಿ ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ. ಓದುತ್ತಾ ನಾನೇ ಬರೆದು ಮರೆತ ಪ್ರಶ್ನೆಯೇನೋ ಅನ್ನಿಸಿತು. ಎರಡನ್ನೂ ಬಿಡಬೇಡಿ. ಬಿಡಬೇಕಾದ್ದು ಮೂರನೆಯದೊಂದಿದೆ. ಅದನ್ನು ಹೇಳಬೇಕಾದರೆ ನನ್ನ ಗೂಬೆ ಕತೆ ಹೇಳಲೇಬೇಕು.

ನನ್ನ ಹತ್ತಿರ ಬಿ.ಪಿ. ತೋರಿಸಲು ಒಬ್ಬ ಅಜ್ಜ ಬರುತ್ತಿದ್ದರು. ಕುರಿ ಕಾಯುವವರು. ಬಿ.ಪಿ. ನೋಡುವಾಗ ಮಾತಾಡಿದರೆ ರೀಡಿಂಗ್ ಏರುತ್ತದೆ, ನಿಮಗೆ ಗೊತ್ತಿರುವುದೇ. ಅದಕ್ಕೇ ಮೊದಲು ಐದು ನಿಮಿಷ ಬಾಯಿ ಮುಚ್ಚಿಸಿ ಕೂರಿಸುತ್ತಿದ್ದೆ. ಆ ಐದು ನಿಮಿಷ ಅವರಿಗೆ ಶಿಕ್ಷೆ. ತೋಳಿನ ಪಟ್ಟಿ ಬಿಚ್ಚಿದ್ದೇ ತಡ, ಮಾತು ಶುರು. ಗುಡ್ಡದಲ್ಲಿ ಯಾವ ಹಕ್ಕಿ ಬಂತು, ಯಾವ ಹಳ್ಳ ಬತ್ತಿತು, ಯಾವ ಮರಕ್ಕೆ ಜೇನು ಕೂತಿತು. ಇದರ ನಡುವೆ ಎಲ್ಲೋ "ಡಾಕ್ಟ್ರೇ, ಆ ಬಿಳಿ ಮಾತ್ರೆ ಬಿಟ್ಟುಬಿಟ್ಟಿದೀನಿ, ತಲೆ ತಿರುಗುತ್ತೆ" ಅನ್ನುವ ಒಂದು ಮಾತೂ ಬಂದುಬಿಡುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಮಾತು. "ಮಾತ್ರೆ ಸರಿಯಾಗಿ ತಗೊಳ್ತಿದೀರಾ" ಅಂತ ನೇರ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅಲ್ವಾ. ಹಕ್ಕಿ ಸುದ್ದಿಯ ಜೊತೆ ಬಂದದ್ದೇ ರೋಗಿಯ ನಿಜವಾದ ಹಿಸ್ಟರಿ.

ಒಂದು ದಿನ ಮೇಜಿನ ಪಕ್ಕ ಕ್ಯಾಮೆರಾ ಬ್ಯಾಗ್ ನೋಡಿ, "ಗೂಬೆ ಮೊಟ್ಟೆ ಇಟ್ಟಿದೆ, ತೋರಿಸ್ಲಾ? ಯಾರಿಗೂ ಹೇಳಬಾರದು ಮತ್ತೆ" ಅಂದರು. ಹೇಳಲ್ಲ ಅಂದೆ.

ಕೊಂಬಿನ ಗೂಬೆ. ನೋಡಿದ್ದರೆ ಗೊತ್ತಿರುತ್ತದೆ, ಗೂಡು ಕಟ್ಟುವ ಗೊಡವೆಗೇ ಹೋಗುವುದಿಲ್ಲ. ಬಂಡೆಯ ಚಾಚಿನ ಮೇಲೆ ಒಂದಿಷ್ಟು ಮಣ್ಣಿದ್ದರೆ ಸಾಕು, ಅಲ್ಲೇ ಮೊಟ್ಟೆ. ಜಾಗ ಒಗ್ಗಿದರೆ ವರ್ಷ ವರ್ಷವೂ ಅಲ್ಲಿಗೇ ಬರುತ್ತದೆ. ಹಗಲಲ್ಲಿ ಕಣ್ಣು ಅರೆಮುಚ್ಚಿ ಕೂತರೆ ಬಂಡೆ ಯಾವುದು, ಹಕ್ಕಿ ಯಾವುದು ತಿಳಿಯುವುದಿಲ್ಲ. ಅದಕ್ಕಿರುವ ದೊಡ್ಡ ಕಾವಲು ಅದೇ, ಕಾಣದೇ ಇರುವುದು.

ನಾನು ಹತ್ತಿರ ಹೋಗಲಿಲ್ಲ. ಹಳ್ಳದ ಈಚೆ ದಡದಿಂದ, ಉದ್ದ ಲೆನ್ಸ್ ಹಾಕಿ, ಟ್ರೈಪಾಡ್ ಮೇಲೆ, ಫ್ಲಾಶ್ ಇಲ್ಲದೆ ತೆಗೆದೆ. ಒಳ್ಳೆಯ ಚಿತ್ರ ಬಂತು. ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಎಚ್ಚರ ತಪ್ಪಿದವನಲ್ಲ. ಎಚ್ಚರವಾಗಿದ್ದೇನೆ ಅಂದುಕೊಂಡೇ ಕೆಟ್ಟವನು.

ಫೋಟೊ ಫೈಲಿನ ಹೊಟ್ಟೆಯಲ್ಲಿ ಎಕ್ಸಿಫ್ ಮಾಹಿತಿ ಇರುತ್ತದೆ. ತೆಗೆದ ದಿನ, ಗಂಟೆ, ಶಟರ್ ವೇಗ, ಅಪರ್ಚರ್. ಜಿಪಿಎಸ್ ಆನ್ ಇದ್ದರೆ ಅಕ್ಷಾಂಶ ರೇಖಾಂಶವೂ ಸೇರಿ ಕೂತಿರುತ್ತದೆ. ಅಷ್ಟನ್ನೂ ಅಳಿಸಿದೆ. ಹಿಂದೆ ಗುಡ್ಡದ ಸಾಲು ಕಂಡರೆ ಗುಡ್ಡ ಬಲ್ಲವರು ಗುರುತು ಹಿಡಿಯುತ್ತಾರೆ ಅಂತ ಬಿಗಿಯಾಗಿ ಕ್ರಾಪ್ ಮಾಡಿದೆ. ಗೂಬೆ, ನಾಲ್ಕು ಬೆರಳು ಬಂಡೆ, ಅಷ್ಟೇ ಉಳಿಯಿತು. ಊರಿನ ಹೆಸರಿಲ್ಲ. ತಿಂಗಳಿಲ್ಲ. ಮೊಟ್ಟೆಯ ಸುದ್ದಿಯೂ ಇಲ್ಲ. ನಿಶ್ಚಿಂತೆಯಿಂದ ಹಾಕಿದೆ.

ಕೆಳಗೆ ಕವಿತೆ ಬರೆದೆ.

ಕವಿತೆ ಚೆನ್ನಾಗಿಯೇ ಇತ್ತು, ಅದೇ ತೊಂದರೆ. ಪ್ರೀತಿ, ಮೌನ, ಕತ್ತಲು ಅಂತ ಗಾಳಿಯಲ್ಲಿ ತೇಲುವ ಮಾತು ನನಗೆ ಹಿಡಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಅನ್ನುವವನು ನಾನು. ಹಾಗಾಗಿ ಸಿಡಿಲಿಗೆ ಸೀಳಿದ ಬಂಡೆ ಬಂತು. ಅದರ ಎದುರಿಗೆ ಒಂಟಿ ಮರ ಬಂತು. ಕುರಿ ನಡೆದು ಬಿದ್ದ ದಾರಿ ಬಂತು. ದಿನದ ಮೊದಲ ಬಿಸಿಲು ಅವಳ ಎದೆಗೆ ತಾಗಿತು ಅಂತಲೂ ಬರೆದಿದ್ದೆ. ಆ ಸಾಲಿನ ಮೇಲೆ ನನಗೆ ಬಹಳ ಮೋಹ. ಫೋಟೊ ತೆಗೆಯುವವನೊಬ್ಬ ಆ ಸಾಲನ್ನು ಹೇಗೆ ಓದುತ್ತಾನೆ ಹೇಳಿ? ಬಂಡೆಯ ಮುಖ ಪೂರ್ವಕ್ಕಿದೆ, ಬೆಳಿಗ್ಗೆ ಹೋಗಬೇಕು, ಬೆಳಕು ಬೆನ್ನ ಹಿಂದೆ ಇರುತ್ತದೆ. "ಅವಳು" ಅಂತ ಬೇರೆ ಬರೆದಿದ್ದೆನಲ್ಲ, ಹೆಣ್ಣು ಹಕ್ಕಿ ಹಗಲಲ್ಲೂ ಕದಲದೆ ಕೂತಿದೆ ಅಂದರೆ ಕಾವು ಕೊಡುತ್ತಿದೆ ಅಂತಲೂ ಗೊತ್ತಾಗುತ್ತದೆ. ಫೈಲಿನಿಂದ ಅಳಿಸಿದ್ದನ್ನೆಲ್ಲ ಪದ್ಯದಲ್ಲಿ ನಾನೇ ಕೈಯಾರೆ ಬರೆದುಕೊಟ್ಟಿದ್ದೆ. ನಾನು ಯಾವ ಸೀಮೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವುದು ಗುಟ್ಟೇನಲ್ಲ. ಸೀಳುಬಂಡೆ ಯಾವುದು ಅಂತ ಕುರಿ ಕಾಯುವ ಯಾವ ಹುಡುಗನನ್ನು ಕೇಳಿದರೂ ತೋರಿಸುತ್ತಾನೆ.

ಮೊದಲು ಇಬ್ಬರು ಬಂದರು. ಕ್ಲಿನಿಕ್ಕಿಗೂ ಬಂದು ಕೈಕುಲುಕಿ ಹೋದರು, ಒಳ್ಳೆಯವರೇ. ಅವರ ಹಿಂದೆ ಬಂದವರು ಒಳ್ಳೆಯವರಲ್ಲ. ಜೀಪು ಮಾಡಿಕೊಂಡು ಗುಂಪಾಗಿ ಬಂದರು. ಅಡ್ಡ ಬಂದ ಪೊದೆ ಕಡಿದರು. ಕಣ್ಣು ಬಿಡಲಿ ಅಂತ ಕಲ್ಲು ತಟ್ಟಿ ಸದ್ದು ಮಾಡಿದರು. ಕತ್ತಲಾದ ಮೇಲೆ ಟಾರ್ಚ್, ಫ್ಲಾಶ್. ತಾಯಿ ಎದ್ದು ಹೋದರೆ ಬಯಲಲ್ಲಿರುವ ಮೊಟ್ಟೆಯ ಗತಿ ಏನಾಗುತ್ತದೆ ಅಂತ ನಿಮಗೆ ವಿವರಿಸಬೇಕಿಲ್ಲ. ಬಿಸಿಲು ಕಾಯಿಸುತ್ತದೆ, ರಾತ್ರಿ ತಣ್ಣಗಾಗುತ್ತದೆ, ಕಾಗೆ ನೋಡುತ್ತದೆ. ಆ ಸಲ ಮರಿಯಾಗಲಿಲ್ಲ. ಮುಂದಿನ ವರ್ಷ ಚಾಚು ಖಾಲಿ.

ಅಜ್ಜ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಂದಿನಂತೆ ಬಂದರು, ತೋಳು ಚಾಚಿದರು, ಪಟ್ಟಿ ಬಿಚ್ಚಿದ ಮೇಲೆ ಅಂಗಿ ತೋಳು ಇಳಿಸಿಕೊಂಡು ಎದ್ದರು. "ಗುಡ್ಡದ ಕಡೆ ಏನು ಸುದ್ದಿ ಅಜ್ಜ?" ಅಂದರೆ, "ಏನಿರುತ್ತೆ ಡಾಕ್ಟ್ರೇ, ಎಲ್ಲ ಹಾಗೇ ಇದೆ" ಅಂದರು. ಮಾತ್ರೆ? "ತಗೊಳ್ತಿದೀನಿ." ರೀಡಿಂಗ್ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಡೋಸ್ ಜಾಸ್ತಿ ಮಾಡಿದೆ, ಇನ್ನೊಂದು ಮಾತ್ರೆ ಸೇರಿಸಿದೆ. ಅವರು ಮಾತ್ರೆಯನ್ನೇ ನುಂಗುತ್ತಿರಲಿಲ್ಲ ಅಂತ ಸೊಸೆ ಬಂದು ಹೇಳಿದಾಗಲೇ ಗೊತ್ತಾದದ್ದು. ಮೊದಲಾಗಿದ್ದರೆ ಒಂದು ಹಕ್ಕಿ ಸುದ್ದಿಯ ಬಾಲಕ್ಕೆ ಕಟ್ಟಿ ಅವರೇ ಹೇಳಿರುತ್ತಿದ್ದರು. ಗುಟ್ಟು ಉಳಿಸದವನ ಹತ್ತಿರ ಗುಟ್ಟು ಯಾಕೆ ಹೇಳಬೇಕು? ಗೂಬೆಯದಾದರೇನು, ಮಾತ್ರೆಯದಾದರೇನು, ಅವರ ಲೆಕ್ಕದಲ್ಲಿ ಎರಡೂ ಒಂದೇ. ಅವರ ಲೆಕ್ಕವೇ ಸರಿ.

ಆ ಸಂಜೆ ನನ್ನ ಹಳೆಯ ಪದ್ಯಗಳನ್ನೆಲ್ಲ ತೆಗೆದು ಕೂತೆ. ರೋಗಿಗಳ ಮೇಲೆ ಬರೆದವು ಬೇಕಾದಷ್ಟಿದ್ದವು. ಒಂದರಲ್ಲೂ ಹೆಸರಿಲ್ಲ, ಅದು ನನ್ನ ಹೆಮ್ಮೆ. ಆದರೆ ಮೂರನೇ ಹೆರಿಗೆಗೆ ಒಬ್ಬಳೇ ನಡೆದು ಬಂದ ಹೆಂಗಸು, ಎಡಗೈಯಲ್ಲಿ ಬೆರಳಿಲ್ಲದ ಬಡಗಿ, ಇವರೆಲ್ಲ ಯಾರು ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ? ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ತೆಗೆದರೆ ಮನುಷ್ಯ ಮರೆಯಾಗುತ್ತಾನೆ. ಹಳ್ಳಿಯಲ್ಲಿ ಆಗುವುದಿಲ್ಲ. ಚಿಕಿತ್ಸೆ ಮಾಡುವಾಗ ಕಂಡದ್ದು, ಕೇಳಿದ್ದು ಹೊರಗೆ ಹೇಳೆನು ಅಂತ ನಮ್ಮ ಡಾಕ್ಟರುಗಳ ಹಳೆಯ ಹಿಪಾಕ್ರಟೀಸ್ ಪ್ರಮಾಣದಲ್ಲಿದೆ. ಅದರಲ್ಲಿ ಹೆಸರು ತೆಗೆದು ಹೇಳಬಹುದು ಅನ್ನುವ ವಿನಾಯಿತಿ ನನಗೆ ಕಾಣಲಿಲ್ಲ. ಆ ಪದ್ಯಗಳನ್ನು ಎಲ್ಲ ಕಡೆಯಿಂದ ತೆಗೆದುಹಾಕಿದೆ. ಹರಿಯಲಿಲ್ಲ, ನೋಟ್‌ಬುಕ್ಕಿನಲ್ಲಿವೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಸಂಜೆ ತಿನ್ನುತ್ತಿರುವುದು ಕವಿತೆಯೂ ಅಲ್ಲ, ಕ್ಯಾಮೆರಾವೂ ಅಲ್ಲ. ಹಾಕುವ ಕೆಲಸ. ಆರಿಸು, ತಿದ್ದು, ಹಾಕು, ಬಂದವರಿಗೆ ಉತ್ತರಿಸು, ಮುಂದಿನ ವಾರದ್ದು ಹುಡುಕು. ನೀವೇ ಬರೆದಿದ್ದೀರಿ, "ವಾರ ತಪ್ಪಿದರೆ ಕಸಿವಿಸಿ" ಅಂತ. ಆ ಕಸಿವಿಸಿ ಪದ್ಯ ಬರೆಯದಿದ್ದಕ್ಕಲ್ಲ. ಒಂದು ವರ್ಷ ಏನೂ ಹಾಕಬೇಡಿ. ಸಮಯ ತಾನಾಗಿ ಸಿಗುತ್ತದೆ. ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಇನ್ನೊಂದು ಮಾತಿಗೆ ನನ್ನ ತಕರಾರಿದೆ. ಇವೆರಡೂ ಒತ್ತಡ ಕಳೆಯಲು ಅಂದಿದ್ದೀರಿ. ಹಾಗಂದುಕೊಂಡರೆ ಯಾವತ್ತೋ ಬಿಟ್ಟೇಬಿಡುತ್ತೀರಿ, ಯಾಕೆಂದರೆ ಒತ್ತಡ ಕಳೆಯಲು ನಿದ್ದೆಯೇ ಒಳ್ಳೆಯದು. ಇವು ನಮ್ಮ ಕೆಲಸದ ಪಕ್ಕದ ಕೋಣೆಯಲ್ಲೇ ಇರುವ ಸಂಗತಿಗಳು. ಬಲ್ಬಿನ ಹಳದಿ ಬೆಳಕಲ್ಲಿ ಕಾಮಾಲೆ ತಪ್ಪಿಹೋಗುತ್ತದೆ, ಕಿಟಕಿ ಹತ್ತಿರ ಕರೆದು ಕಣ್ಣಿನ ಬಿಳಿ ನೋಡು ಅಂತ ನಮಗೆ ಕಲಿಸಿದ್ದಾರೆ. ನನಗೆ ಅದು ಮನಸ್ಸಿಗೆ ಇಳಿದದ್ದು ಪಾಠದಲ್ಲಲ್ಲ, ಸಂಜೆ ಬೆಳಕಲ್ಲಿ ಬೆಳ್ಳಕ್ಕಿ ಯಾಕೆ ಕಿತ್ತಳೆಯಾಗಿ ಬರುತ್ತದೆ ಅಂತ ಕ್ಯಾಮೆರಾದ ಜೊತೆ ಗುದ್ದಾಡುವಾಗ. ಆಮೇಲಿಂದ ಪರೀಕ್ಷೆಯ ಮೇಜನ್ನೇ ಕಿಟಕಿ ಪಕ್ಕ ಹಾಕಿಸಿದೆ.

ಒಂದನ್ನು ಬಿಡದೆ ಆಗದು ಅನ್ನುವವರಿಗೆ ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಉದಾಹರಣೆ ಸಿಗುತ್ತಾನೆ. 1816ರಲ್ಲಿ ಔಷಧ ಕೊಡುವ ಲೈಸೆನ್ಸ್ ಪಡೆದ, ಕವಿತೆಗಾಗಿ ವೈದ್ಯವೃತ್ತಿಯನ್ನೇ ಬಿಟ್ಟ, 1821ರಲ್ಲಿ 25ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ನನಗೆ ಹತ್ತಿರದವನು ರಷ್ಯದ ಕತೆಗಾರ ಚೆಕಾವ್, ಅವನೂ ಡಾಕ್ಟರೇ. ವೈದ್ಯಕೀಯ ಕಟ್ಟಿಕೊಂಡ ಹೆಂಡತಿ, ಸಾಹಿತ್ಯ ಪ್ರೇಯಸಿ ಅಂತ 1888ರ ಒಂದು ಪತ್ರದಲ್ಲಿ ತಮಾಷೆ ಮಾಡಿದವನು, ನಾಲ್ಕೇ ವರ್ಷಕ್ಕೆ ಮೆಲಿಖೊವೊ ಎಂಬ ಹಳ್ಳಿಗೆ ಹೋಗಿ ಕೂತ. ರೈತರಿಗೆ ಪುಕ್ಕಟೆ ಔಷಧ ಕೊಟ್ಟ, ಕಾಲರಾ ಬಂದಾಗ ಸುತ್ತಲಿನ ಹಳ್ಳಿಗಳನ್ನು ನೋಡಿಕೊಂಡ, ಬರೆಯುವುದನ್ನೂ ಬಿಡಲಿಲ್ಲ. ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಮಕ್ಕಳ ಡಾಕ್ಟರು. ಮನೆಮನೆಗೆ ಹೋಗಿ ರೋಗಿ ನೋಡುವ ನಡುವೆ ಪ್ರಿಸ್ಕ್ರಿಪ್ಷನ್ ಚೀಟಿಯ ಮೇಲೂ ಗೀಚುತ್ತಿದ್ದ. 1923ರ ಅವನ ಒಂದು ಪ್ರಸಿದ್ಧ ಪದ್ಯದಲ್ಲಿ ಇರುವುದೇ 16 ಪದ: ಕೆಂಪು ತಳ್ಳುಗಾಡಿ, ಮಳೆನೀರು, ಬಿಳಿ ಕೋಳಿಗಳು. ಒಬ್ಬ ರೋಗಿ ಹೋಗಿ ಇನ್ನೊಬ್ಬ ಒಳಗೆ ಬರುವಷ್ಟರಲ್ಲಿ ಅಷ್ಟು ಬರೆಯಬಹುದು. ಬರೆಯಲು ಸಮಯವಿಲ್ಲ ಅಂತ ನೀವು ಹೇಳಿದಾಗ ನಾನು ಪೂರ್ತಿ ನಂಬದೆ ಇರುವುದು ಇದಕ್ಕೇ.

ಫೋಟೊ ಬಗ್ಗೆ ನನಗೆ ಹೆಚ್ಚು ಕಲಿಸಿದ್ದು ಹಕ್ಕಿ ಫೋಟೊಗ್ರಾಫರ್ ಅಲ್ಲ. 1948ರಲ್ಲಿ ಯೂಜೀನ್ ಸ್ಮಿತ್ ಎಂಬ ಫೋಟೊಗ್ರಾಫರ್ ಅಮೆರಿಕದ ಲೈಫ್ ಪತ್ರಿಕೆಗಾಗಿ ಕೊಲೊರಾಡೊದ ಕ್ರೆಮ್ಲಿಂಗ್ ಎಂಬ ಪುಟ್ಟ ಊರಿನ ಡಾಕ್ಟರೊಬ್ಬರ ಹಿಂದೆ 23 ದಿನ ಸುತ್ತಿದ. ಅರ್ನೆಸ್ಟ್ ಸೆರಿಯಾನಿ ಅಂತ ಆ ಡಾಕ್ಟರ ಹೆಸರು. ರಾತ್ರಿ ಆಪರೇಷನ್ ಮುಗಿಸಿ, ಕೈಯಲ್ಲಿ ಕಾಫಿ ಹಿಡಿದು, ಸೋತು ಒರಗಿ ನಿಂತ ಅವರ ಚಿತ್ರ ನೋಡಿದರೆ ನಮ್ಮಂಥವರಿಗೆ ಬೆನ್ನು ನೋವು ಬರುತ್ತದೆ. ಸ್ಮಿತ್ ಮೊದಮೊದಲು ಕ್ಯಾಮೆರಾದಲ್ಲಿ ಫಿಲ್ಮೇ ಹಾಕದೆ ಕ್ಲಿಕ್ ಮಾಡುತ್ತಿದ್ದನಂತೆ, ಡಾಕ್ಟರಿಗೆ ಸದ್ದು ಅಭ್ಯಾಸವಾಗಲಿ ಅಂತ. ಈಗ ನಾನೂ ಹೊಸ ಜಾಗಕ್ಕೆ ಮೊದಲು ಬರಿಗೈಯಲ್ಲೇ ಹೋಗುವುದು. ಹಕ್ಕಿ ತನ್ನ ಪಾಡಿಗೆ ತಿನ್ನಲು ಶುರು ಮಾಡಿದ ಮೇಲೆ, ಇನ್ನೊಂದು ದಿನ, ಕ್ಯಾಮೆರಾ. ಗೂಡಿನ ಹತ್ತಿರಕ್ಕಂತೂ ಇಲ್ಲ, ಎಂಥ ಲೆನ್ಸ್ ಇದ್ದರೂ ಇಲ್ಲ.

ಅಜ್ಜನ ಜೊತೆ ಏನಾಯಿತು ಅಂತ ಕೇಳುತ್ತೀರಿ. ನಾನು ಕ್ಷಮೆ ಕೇಳಿದೆ. "ಹೋಗ್ಲಿ ಬಿಡಿ" ಅಂದರು. ಹೋಗಲಿಲ್ಲ. ಈಗ ಸೊಸೆ ಎದುರಿಗೆ ನಿಂತು ಮಾತ್ರೆ ನುಂಗಿಸುತ್ತಾಳೆ, ಬಿ.ಪಿ. ಹಿಡಿತದಲ್ಲಿದೆ. ಪಟ್ಟಿ ಬಿಚ್ಚಿದ ಮೇಲೆ ಎದ್ದು ಹೋಗುತ್ತಾರೆ.

ನಿಮ್ಮ ಕೊನೆಯ ಸಾಲು ಲೆನ್ಸ್ ಬಗ್ಗೆ. 500 ಅಥವಾ 600 ಎಂಎಂ ಕೊಳ್ಳುವ ಯೋಚನೆ ಇದೆ ಅಂದಿರಿ. ಈಗ ಬೇಡ. ಅದನ್ನು ಹೊತ್ತು ಗುಡ್ಡ ಹತ್ತಿದ ದಿನವೇ ತುರ್ತು ಕರೆ ಬರುತ್ತದೆ. ತೀರಾ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸ್ ತಗೊಳ್ಳಿ. ಒಂದಕ್ಕೊಂದು ಅನುಪಾತದಲ್ಲಿ ತೆಗೆಯುವಂಥದ್ದು, ಅಂದರೆ ಹುಳು ಎಷ್ಟು ದೊಡ್ಡದಿದೆಯೋ ಸೆನ್ಸರಿನ ಮೇಲೂ ಅಷ್ಟೇ ದೊಡ್ಡದಾಗಿ ಮೂಡಬೇಕು. ಕ್ಲಿನಿಕ್ಕಿನ ಹಿತ್ತಲೇ ಸಾಕು. ಬೆಳಗಿನ ಚಳಿಯಲ್ಲಿ ಕೊಡತಿಹುಳುವಿನ (ಏರೋಪ್ಲೇನ್ ಚಿಟ್ಟೆ ಅನ್ನುತ್ತಾರಲ್ಲ, ಅದರ) ಮೈ ತಣ್ಣಗಿರುತ್ತದೆ, ಬಿಸಿಲು ಕಾಯಿಸುವ ತನಕ ಹಾರಲಾರದು, ಇಬ್ಬನಿ ಹೊತ್ತು ಸುಮ್ನೆ ಕೂತಿರುತ್ತದೆ. ಅಪರ್ಚರ್ ಕಿರಿದು ಮಾಡಿ ಎಫ್ 11ರಲ್ಲಿ ಇಟ್ಟರೂ ಅಷ್ಟು ಹತ್ತಿರದಿಂದ ಸ್ಪಷ್ಟವಾಗಿ ಸಿಗುವ ಆಳ ಒಂದೆರಡು ಮಿಲಿಮೀಟರ್, ಹಾಗಾಗಿ ಟ್ರೈಪಾಡ್ ಬೇಕೇ ಬೇಕು. ಕ್ಯಾಮೆರಾವನ್ನು ಹುಳುವಿನ ರೆಕ್ಕೆಗೆ ಸಮಾನಾಂತರವಾಗಿ ಹಿಡಿದು, ಗಾಳಿ ನಿಂತಾಗ ಒತ್ತಿ. ಓ.ಪಿ.ಡಿ. ಶುರುವಾಗುವ ಮುಂಚೆ ಮುಗಿದಿರುತ್ತದೆ.